ಗಾಳಿಯ ಪಂಚಾಂಗ

ಕಡಲ ತಡಿಯ ಊರಿನಲ್ಲಿ ಗಾಳಿ ಯಾವಾಗಲೂ ಶುದ್ಧವಾಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಿಂದಿನಿಂದ ಬೇರೂರಿದೆ. ಘಟ್ಟದ ಮೇಲಿನಿಂದ ಮಂಗಳೂರಿಗೆ ಬಂದ ನೆಂಟರು ಬೆವರು ಒರೆಸಿಕೊಳ್ಳುತ್ತಲೇ, “ಸೆಕೆಯೇನೋ ಹೌದು, ಆದರೆ ಗಾಳಿ ಒಳ್ಳೆಯದು” ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವುದುಂಟು. ಊರಿನವರಾದ ನಾವೂ ಆ ಮಾತಿಗೆ ಸಂತೋಷದಿಂದಲೇ ತಲೆದೂಗುತ್ತೇವೆ. ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಳೆಗಾಲದ ನಾಲ್ಕು ತಿಂಗಳಿಗೆ ಅದು ನಿಜ. ಉಳಿದ ಎಂಟು ತಿಂಗಳಿಗೆ, ಅದರಲ್ಲಿಯೂ ಮಾಗಿಯ ರಾತ್ರಿಗಳಿಗೆ, ಅದನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಈ ವ್ಯತ್ಯಾಸ ಹವಾಮಾನ ಶಾಸ್ತ್ರಜ್ಞರ ಪುಸ್ತಕದಲ್ಲಿ ಮಾತ್ರ ಇರತಕ್ಕದ್ದಲ್ಲ. ಅದಕ್ಕೊಂದು ಚರಿತ್ರೆಯಿದೆ; ಮಂಗಳೂರಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಅದರದೇ ಚರಿತ್ರೆ ಎಂದರೂ ತಪ್ಪಾಗಲಾರದು.

‘ಮಾನ್ಸೂನ್’ ಎಂಬ ಮಾತನ್ನೇ ನೋಡಿ. ಅದರ ಮೂಲ ‘ಮೌಸಿಮ್’ ಎಂಬ ಅರಬ್ಬೀ ಶಬ್ದ, ಅರ್ಥ, ಋತು. ಅರಬ್ಬೀ ನಾವಿಕನಿಗೆ ಅದು ಮೊದಲು ಮಳೆಯ ಹೆಸರಾಗಿರಲಿಲ್ಲ, ಹಾಯಿಗೆ ಗಾಳಿ ಒದಗುವ ಕಾಲದ ಹೆಸರಾಗಿತ್ತು. ಅರ್ಧ ವರ್ಷ ನೈಋತ್ಯದಿಂದ, ಇನ್ನರ್ಧ ವರ್ಷ ಈಶಾನ್ಯದಿಂದ ಬೀಸುವ ಗಾಳಿಯನ್ನು ನಂಬಿ ಏಡನ್ನಿನಿಂದಲೂ ಪಾರಸೀ ಕೊಲ್ಲಿಯಿಂದಲೂ ಹಡಗುಗಳು ನಮ್ಮ ಕರಾವಳಿಗೆ ಬಂದು ಹೋಗುತ್ತಿದ್ದವು. ಆರನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ಗ್ರೀಕ್ ವರ್ತಕ ಸನ್ಯಾಸಿ ಮೆಣಸು ಸಿಗುವ ಬಂದರುಗಳ ಪಟ್ಟಿಯೊಂದನ್ನು ಬರೆದಿಟ್ಟನು. ಅದರಲ್ಲಿ ‘ಮಂಗರೂತ್’ ಎಂಬ ಹೆಸರಿದೆ. ವಿದ್ವಾಂಸರು ಅದನ್ನು ನಮ್ಮ ಮಂಗಳೂರೆಂದೇ ಗುರುತಿಸುತ್ತಾರೆ.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಹೆಸರು ಮಾತ್ರವಲ್ಲ, ಮನುಷ್ಯನೂ ಸಿಗುತ್ತಾನೆ. ಉತ್ತರ ಆಫ್ರಿಕದ ಟ್ಯುನೀಸಿಯ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ 1132ರ ಸುಮಾರಿಗೆ ಮಂಗಳೂರಿಗೆ ಬಂದು, 1149ರವರೆಗೆ ಈ ಕರಾವಳಿಯಲ್ಲಿ ನೆಲೆಸಿದ್ದನು. ಅವನಿಗೆ ಬಂದ ಪತ್ರಗಳೂ ಅವನ ಲೆಕ್ಕದ ಚೀಟಿಗಳೂ ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರವೊಂದರ ಉಗ್ರಾಣದಲ್ಲಿ ಏಳುನೂರು ವರ್ಷಕ್ಕೂ ಹೆಚ್ಚು ಕಾಲ ಉಳಿದುಕೊಂಡು ಬಂದುದರಿಂದ ಈ ಸಂಗತಿ ನಮಗೆ ತಿಳಿದಿದೆ. ಬೆನ್ ಯಿಜು ಇಲ್ಲಿ ಮೆಣಸು, ಅಡಿಕೆ ವ್ಯಾಪಾರ ಮಾಡಿದ್ದಲ್ಲದೆ ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದನು. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನೂ ತಾಮ್ರವನ್ನೂ ಕಳುಹಿಸಿ, ಹೊಸ ಪಾತ್ರೆ ಮಾಡಿಸಿ ತರಿಸಿಕೊಳ್ಳುತ್ತಿದ್ದರು. ಕುಲುಮೆ ಇದ್ದಲ್ಲಿ ಹೊಗೆ ಇದ್ದೇ ತೀರಬೇಕು. ಈ ಊರಿನ ಕೈಗಾರಿಕೆಯ ಹೊಗೆಗೆ ಕಾಗದದ ಸಾಕ್ಷಿ ಎಂಟುನೂರು ವರ್ಷಗಳಷ್ಟು ಹಿಂದೆಯೇ ಸಿಗುತ್ತದೆ ಎಂಬುದು ನನಗೆ ಒಂದು ಬಗೆಯ ಬೆರಗನ್ನು ತರುತ್ತದೆ. ಆದರೆ ಆ ಹೊಗೆಯೂ ಋತುವಿನ ಹಿಡಿತದಲ್ಲಿತ್ತು. ಲೋಹ ಬರಬೇಕಾದರೆ ಹಡಗು ಬರಬೇಕು, ಹಡಗು ಬರಬೇಕಾದರೆ ಗಾಳಿ ಬೀಸಬೇಕು. ಗಾಳಿ ತಪ್ಪಿದರೆ ಮುಂದಿನ ವರ್ಷವೇ ಸರಿ.

1342ರ ಸುಮಾರಿಗೆ ಬಂದ ಇಬ್ನ್ ಬತೂತ ‘ಮಂಜರೂರಿ’ನ ದೊಡ್ಡ ಹಿನ್ನೀರನ್ನೂ, ಪಾರಸ ಮತ್ತು ಯೆಮನ್ ದೇಶಗಳ ವರ್ತಕರನ್ನೂ, ಹೇರಳವಾಗಿ ಸಿಗುವ ಮೆಣಸು ಶುಂಠಿಗಳನ್ನೂ ಬಣ್ಣಿಸಿದ್ದಾನೆ. 1623ರ ಏಪ್ರಿಲಿನಲ್ಲಿಯೇ ಗೋವೆಗೆ ಬಂದಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಮಳೆಗಾಲ ಮುಗಿಯುವ ತನಕ ಅಲ್ಲಿಯೇ ಇದ್ದು, ಅಕ್ಟೋಬರದಲ್ಲಿ ಹಡಗು ಹತ್ತಿ ಹೊನ್ನಾವರಕ್ಕೆ ಬಂದು, ಇಕ್ಕೇರಿಯನ್ನು ನೋಡಿಕೊಂಡು ಮಂಗಳೂರಿಗೆ ಇಳಿದನು. ರಾಯಭಾರಿಯಾಗಲಿ ಪ್ರವಾಸಿಯಾಗಲಿ ವರ್ತಕನಾಗಲಿ, ಆಷಾಢದಲ್ಲಿ ಈ ಕಡಲಿಗೆ ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಯುದ್ಧಕ್ಕೂ ಇದೇ ಕಟ್ಟಳೆ. 1783ರ ಮಾರ್ಚಿನಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದರು. ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನು ದೊಡ್ಡ ಸೈನ್ಯದೊಡನೆ ಬಂದು ಅದನ್ನು ಮುತ್ತಿದನು. ಮುತ್ತಿಗೆ ಬಿಗಿಯಾಗುತ್ತಿದ್ದಂತೆಯೇ ಮಳೆಗಾಲವೂ ಬಂದಿತು. ಹೊರಗಿದ್ದವರು ಕೆಸರಿನ ಕಂದಕಗಳಲ್ಲಿ ನೆನೆದರು. ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್ಲನ ದಂಡಿಗೆ ಕಡಲಿನ ಬಾಗಿಲು ಮುಚ್ಚಿತು. ಹಸಿವು, ರೋಗಗಳು ಗುಂಡಿಗಿಂತ ಹೆಚ್ಚಿನ ಕೆಲಸ ಮಾಡಿದವು. 1784ರ ಜನವರಿ ಕೊನೆಯಲ್ಲಿ ಕೋಟೆ ಟಿಪ್ಪುವಿನ ಕೈಸೇರಿತು; ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಶಾಲೆಯ ಪುಸ್ತಕಗಳಲ್ಲಿ ಈ ಒಪ್ಪಂದದ ಕಲಮುಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ಅದರ ಹಿಂದೆ ನಿಂತಿದ್ದ ಮಳೆಯ ಮಾತನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಪರದೇಶಿಗಳು ಬರೆದುದರಿಂದ ನಮಗೆ ವರ್ಷ ತೇದಿಗಳು ಸಿಗುತ್ತವೆ. ನೆಲದವರ ತಿಳಿವಳಿಕೆ ಬೇಕಾದರೆ ತುಳುವರ ತಿಂಗಳುಗಳನ್ನೇ ನೋಡಬೇಕು. ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ, ‘ಪತ್ತನಾಜೆ’ ಬರುತ್ತದೆ. ಅಂದಿಗೆ ಭೂತಗಳ ಕೋಲ ನಿಲ್ಲುತ್ತದೆ, ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ‘ಆಟಿ’ ಕಷ್ಟದ ತಿಂಗಳು. ಕೂಲಿಯಿಲ್ಲ, ಕಡಲಿಲ್ಲ, ಕಣಜದಲ್ಲಿ ಅಕ್ಕಿಯೂ ತಳ ಕಂಡಿರುತ್ತದೆ. ಆಟಿಯ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ತಾಳೆಗರಿಯ ಕೊಡೆ ಹಿಡಿದು ಆಟಿ ಕಳೆಂಜ ಮನೆಮನೆಗೂ ಬಂದು ಕುಣಿದು, ಊರಿಗೆ ಬಂದ ಮಾರಿಯನ್ನು ಕಳೆಯುತ್ತಾನೆ. ನೂಲಹುಣ್ಣಿಮೆಯ ಹೊತ್ತಿಗೆ ಮೊಗವೀರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಒಪ್ಪಿಸುತ್ತಾರೆ. ಇದನ್ನೆಲ್ಲ ಬರಿಯ ಆಚಾರವೆಂದು ತಳ್ಳಿಬಿಡುವುದು ಸುಲಭ. ನನಗಾದರೋ ಇದು ಗಾಳಿಯ ಪಂಚಾಂಗವಾಗಿ ಕಾಣುತ್ತದೆ. ಯಾವಾಗ ಹೊರಗೆ ಹೋಗಬೇಕು, ಯಾವಾಗ ಒಳಗಿರಬೇಕು, ಯಾವಾಗ ಮೈಯನ್ನು ಜೋಪಾನ ಮಾಡಿಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದೆ.

ಮೈಗೂ ಗಾಳಿಗೂ ಇರುವ ನಂಟನ್ನು ಪಾಶ್ಚಾತ್ಯರೂ ತಮ್ಮದೇ ರೀತಿಯಲ್ಲಿ ನಂಬಿದ್ದರು. ‘ಮಲೇರಿಯ’ ಎಂಬ ಇಟಾಲಿಯನ್ ಮಾತಿಗೆ ‘ಕೆಟ್ಟ ಗಾಳಿ’ ಎಂದೇ ಅರ್ಥ. ಜೌಗು ನೆಲದಿಂದ ಏಳುವ ವಿಷವಾಯುವಿನಿಂದ ಜ್ವರ ಬರುತ್ತದೆಂದು ಹತ್ತೊಂಬತ್ತನೆಯ ಶತಮಾನದ ವೈದ್ಯರು ಬಲವಾಗಿ ನಂಬಿದ್ದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಅಣುಜೀವಿಯನ್ನು ಕಂಡು ಹಿಡಿದ ಮೇಲೆ ಗಾಳಿಯ ಮೇಲಿದ್ದ ಆ ಅಪವಾದ ತೊಲಗಿತು. ನಿಂತ ನೀರು ಸಿಕ್ಕಲ್ಲಿ ಸೊಳ್ಳೆ ಇಂದಿಗೂ ತನ್ನ ಕೆಲಸ ಮಾಡುತ್ತದೆ. 1990ರ ದಶಕದಲ್ಲಿ ಕಟ್ಟಡಗಳ ಕೆಲಸ ಹೆಚ್ಚಿದಾಗ ಮಂಗಳೂರು ಮತ್ತೆ ಮಲೇರಿಯದ ಊರೆನಿಸಿಕೊಂಡಿತು. ವಿಚಿತ್ರವೆಂದರೆ, ಗಾಳಿ ನಿರಪರಾಧಿಯೆಂದು ವಿಜ್ಞಾನ ತೀರ್ಪು ಕೊಡುವ ಹೊತ್ತಿಗೆ ಅದಕ್ಕೆ ನಿಜವಾದ ಕೊಳೆ ಬೆರೆಯುವ ಕಾಲ ಹತ್ತಿರ ಬಂದಿತ್ತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಚ್ಚುಕೂಟವನ್ನೂ ನೇಯ್ಗೆಯನ್ನೂ ಆರಂಭಿಸಿದ ಬಳಿಕ, 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಎಂಬಾತನ ಮೇಲ್ವಿಚಾರಣೆಯಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ದೋಣಿಗಳಲ್ಲಿ ಬಂದಿತು. ಕಾಡಿನ ಸೌದೆ ಆವಿಗೆಗಳಲ್ಲಿ ಉರಿಯಿತು. ಕೆಲವೇ ದಶಕಗಳಲ್ಲಿ ನದಿಯ ದಂಡೆಯುದ್ದಕ್ಕೂ ಹೊಗೆಗೊಳವೆಗಳೆದ್ದವು. ‘ಮಂಗಳೂರು ಹೆಂಚು’ ಸಮುದ್ರದಾಚೆಗೂ ಹೆಸರು ಮಾಡಿತು. ಮುಳಿಹುಲ್ಲಿನ ಮಾಡು ಬೆಂಕಿಗೆ ಆಹುತಿಯಾಗುವ ಭಯ ತಪ್ಪಿ, ಬಡವರ ಮನೆಗೂ ಗಟ್ಟಿಯಾದ ಮಾಡು ಬಂದದ್ದು ಸಾಮಾನ್ಯ ಉಪಕಾರವಲ್ಲ. ಹೆಂಚಿನ ಸಂದುಗಳಿಂದ ಅಡುಗೆಮನೆಯ ಹೊಗೆ ಹೊರಗೆ ಹೋಗುತ್ತದೆ, ಗಾಳಿ ಆಡುತ್ತದೆ. ಅದರ ಕೆಳಗೆ ಬೆಳೆದವರಿಗೆ ಈಗಿನ ಕಾಂಕ್ರೀಟಿನ ಚಾವಣಿಯ ಕೆಳಗೆ ಏಪ್ರಿಲ್ ತಿಂಗಳ ರಾತ್ರಿಯನ್ನು ಕಳೆಯುವಾಗ ಆ ಮಾಡಿನ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಆದರೂ ಹೆಂಚನ್ನು ಸುಟ್ಟ ಹೊಗೆ ಊರಿನ ಮೇಲೆಯೇ ಹೋಯಿತು. ಅಂದಿನವರು ಅದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಹೊಗೆಗೊಳವೆಯೆಂದರೆ ಸಂಬಳ, ಸಂಬಳವೆಂದರೆ ಊಟ.

ಇಷ್ಟೆಲ್ಲ ಆದರೂ ಊರು ಹಳೆಯ ಪಂಚಾಂಗದಂತೆಯೇ ನಡೆಯುತ್ತಿತ್ತು. ಹಳೆಯ ಬಂದರು ನೇತ್ರಾವತಿ, ಗುರುಪುರ ನದಿಗಳ ಅಳಿವೆಯೊಳಗಿದೆ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕು, ಸರಕನ್ನು ದೋಣಿಗಳಲ್ಲಿ ಸಾಗಿಸಬೇಕು. ಮೇ ಕೊನೆಯಿಂದ ಸೆಪ್ಟೆಂಬರದವರೆಗೆ ಅದೂ ಇಲ್ಲ. 1956ರವರೆಗೆ ಅಮಿನ್ ದಿವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿಕೊಂಡು ಬಂದು ಅಕ್ಕಿ ಕೊಂಡು ಹೋಗುತ್ತಿದ್ದರು. ಮಳೆಗಾಲ ಮೊದಲಾಯಿತೆಂದರೆ ಅವರಿಗೂ ನಮಗೂ ನಡುವೆ ಕಡಲೆಂಬ ಗೋಡೆ ಏಳುತ್ತಿತ್ತು. 1907ರಲ್ಲಿ ಮದರಾಸಿನ ಕಡೆಯಿಂದ ರೈಲು ಬಂದಾಗಲೇ ಮಂಗಳೂರು ಆಷಾಢದಲ್ಲಿಯೂ ಹೊರಲೋಕವನ್ನು ಸಲೀಸಾಗಿ ಮುಟ್ಟುವಂತಾದದ್ದು.

ಈ ಪಂಚಾಂಗವನ್ನು ಮುರಿದದ್ದು ಪಣಂಬೂರಿನ ಹೊಸ ಬಂದರು. ಊರಿನ ಉತ್ತರಕ್ಕೆ ಸರ್ವಋತು ಬಂದರೊಂದು ಆಗಬೇಕೆಂದು ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಪಟ್ಟ ಶ್ರಮವನ್ನು ಈ ಜಿಲ್ಲೆ ಮರೆತಿಲ್ಲ. ಅವರು 1965ರಲ್ಲಿ ತೀರಿಕೊಂಡರು, ಕೆಲಸ ಮುಂದುವರಿಯಿತು. ಕಡಲಿಗೆ ಎರಡು ತಡೆಗೋಡೆಗಳನ್ನು ಚಾಚಿ, ಒಳಗಿನ ನೆಲವನ್ನು ಅಗೆದು ಹಡಗು ನಿಲ್ಲುವ ಕೊಳವನ್ನೇ ನಿರ್ಮಿಸಿದರು. 1974ರ ಮೇ ತಿಂಗಳಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಬೆನ್ ಯಿಜುವೂ ದೆಲ್ಲಾ ವಾಲ್ಲೆಯೂ ಕ್ಯಾಂಪ್‌ಬೆಲ್ಲನೂ ತಲೆಬಾಗಿದ್ದ ಮಳೆಗಾಲಕ್ಕೆ ಇನ್ನು ತಲೆಬಾಗಬೇಕಾಗಿಲ್ಲವೆಂದಾಯಿತು. ಬಂದರಿನ ಸುತ್ತ ಕೈಗಾರಿಕೆಗಳು ಬಂದವು: 1976ರಲ್ಲಿ ರಸಗೊಬ್ಬರದ ಕಾರ್ಖಾನೆ, ಅನಂತರ ಕುದುರೆಮುಖದ ಕಬ್ಬಿಣದ ಅದಿರನ್ನು ಉಂಡೆಗಟ್ಟುವ ಸ್ಥಾವರ, 1996ರಲ್ಲಿ ತೈಲ ಶುದ್ಧೀಕರಣಾಗಾರ. ಸಾವಿರಾರು ಮನೆಗಳಿಗೆ ಇದರಿಂದ ಅನ್ನ ಸಿಕ್ಕಿದೆ. ಈ ಮಾತನ್ನು ಮರೆತು ಬರೆಯುವುದು ನ್ಯಾಯವಲ್ಲ.

ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸರ್ವಋತುವಿನದಾದದ್ದು ಬಂದರು ಮಾತ್ರ, ಗಾಳಿ ಸರ್ವಋತುವಿನದಾಗಲಿಲ್ಲ. ಅದು ಬೆನ್ ಯಿಜುವಿನ ಕಾಲದಲ್ಲಿ ಹೇಗೆ ಬೀಸುತ್ತಿತ್ತೋ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಬೀಸುತ್ತಿದೆ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದರೆ ಸಾವಿರಾರು ಮೈಲಿ ನೀರಿನ ಮೇಲೆಯೇ ಬಂದ ಗಾಳಿ ಊರನ್ನು ಗುಡಿಸುತ್ತದೆ, ಮಳೆ ತೊಳೆಯುತ್ತದೆ. ಈ ಊರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಆ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಇಷ್ಟು ಪುಕ್ಕಟೆಯಾದ ಜಾಡಮಾಲಿ ಬೇರೆ ಯಾವ ನಗರಸಭೆಗೂ ಸಿಗಲಾರದು.

ಮಳೆ ನಿಂತ ಮೇಲಿನ ಕಥೆ ಬೇರೆ. ಹಗಲು ನೆಲ ಬೇಗ ಕಾಯುತ್ತದೆ, ಮಧ್ಯಾಹ್ನ ಕಡಲಿನಿಂದ ಗಾಳಿ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ನೆಲದಿಂದ ಕಡಲಿಗೆ ಮೆಲ್ಲನೆ ಇಳಿಯುತ್ತದೆ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ಬೆಳಗಿನ ಜಾವ ನೆಲಗಾಳಿಯೊಡನೆ ಹೊರಟು, ಮಧ್ಯಾಹ್ನದ ಕಡಲಗಾಳಿಯೊಡನೆ ಮರಳುತ್ತಿದ್ದುದು ಈ ಲೆಕ್ಕದಿಂದಲೇ. ಇದರಿಂದ ನಮಗೆ ಎರಡು ತೊಡಕುಗಳುಂಟು. ಒಂದನೆಯದಾಗಿ, ಬೇಸಗೆಯ ಕಡಲಗಾಳಿ ಇಲ್ಲಿ ಬಹುಮಟ್ಟಿಗೆ ವಾಯವ್ಯದಿಂದ ಬೀಸುತ್ತದೆ. ಕೈಗಾರಿಕೆಗಳು ಇರುವುದೂ ಊರಿನ ಉತ್ತರದಲ್ಲಿ. ಎರಡನೆಯದು, ಮಾಗಿಯ ಇರುಳಿನಲ್ಲಿ ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಕೆಳಗೇ ಕುಳಿತುಬಿಡುತ್ತದೆ. ಅದರ ಮೇಲಿನ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಗುಡ್ಡ ಬೈಲುಗಳ ಊರಾದ ಮಂಗಳೂರಿನಲ್ಲಿ ಬೈಲುಗಳೇ ಆ ಪಾತ್ರೆಗಳು. ಬಸ್ಸು ಲಾರಿಗಳ ಹೊಗೆ, ಅಗೆದ ರಸ್ತೆಯ ಕೆಂಪು ಧೂಳು, ಬೀದಿಯ ಮೂಲೆಯಲ್ಲಿ ಸುಡುವ ಕಸ, ಇವೆಲ್ಲ ಬೆಳಗಿನ ಬಿಸಿಲು ಏರುವವರೆಗೆ ಅದರೊಳಗೇ ಇರುತ್ತವೆ. ಹಿಂದೆ ರೈತರು ತರಗೆಲೆಯನ್ನು ಮಣ್ಣಿನೊಡನೆ ಸುಟ್ಟು ಸುಡುಮಣ್ಣು ಮಾಡುತ್ತಿದ್ದುದೂ ಇದೇ ಒಣ ತಿಂಗಳುಗಳಲ್ಲಿ. ಆದರೆ ಅದರಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಊರೂ ಇಷ್ಟು ಒತ್ತೊತ್ತಾಗಿರಲಿಲ್ಲ.

ಇದನ್ನು ಅಳೆಯಲು ಈಗ ಯಂತ್ರಗಳಿವೆ, ಕಾನೂನುಗಳಿವೆ. 1981ರಲ್ಲಿ ವಾಯುಮಾಲಿನ್ಯ ತಡೆಯ ಕಾಯಿದೆ ಬಂದಿತು. 2009ರಲ್ಲಿ ಕೇಂದ್ರವು ಗೊತ್ತುಪಡಿಸಿದ ಮಿತಿಯಂತೆ ‘ಪಿ.ಎಂ. 2.5’ ಎಂಬ ಅತಿಸಣ್ಣ ಕಣಗಳು, ಎಂದರೆ ತಲೆಗೂದಲಿನ ದಪ್ಪದ ಇಪ್ಪತ್ತು ಮೂವತ್ತರಲ್ಲಿ ಒಂದು ಪಾಲಿನಷ್ಟಿರುವ ಕಣಗಳು, ಒಂದು ಘನಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿಯಲ್ಲಿ 40 ಮೈಕ್ರೊಗ್ರಾಮಿಗೂ, ಒಂದು ದಿನದ ಲೆಕ್ಕದಲ್ಲಿ 60ಕ್ಕೂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಇನ್ನೂ ಬಿಗಿ: ವರ್ಷಕ್ಕೆ 5, ದಿನಕ್ಕೆ 15. ಗಾಳಿ ಕೆಟ್ಟ ಊರುಗಳನ್ನು ಸುಧಾರಿಸಲು 2019ರಲ್ಲಿ ಕೇಂದ್ರವು ಆರಂಭಿಸಿದ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳ ಹೆಸರು ಬಂದಿತು, ಮಂಗಳೂರಿನದು ಬರಲಿಲ್ಲ. ನಾವು ಸಂತೋಷಪಟ್ಟೆವು. ಪಡಬೇಕಾದದ್ದೇ.

ಆದರೆ ಸರಾಸರಿ ಎಂಬುದು ಕರಾವಳಿಯ ಊರಿಗೆ ಸ್ವಲ್ಪ ಮೋಸದ ಲೆಕ್ಕ. ಒಂದು ಊಹೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದೂರಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಕಣಗಳ ಪ್ರಮಾಣ 15, ಉಳಿದ ಎಂಟು ತಿಂಗಳು 50 ಇದೆಯೆನ್ನಿ. ವರ್ಷದ ಸರಾಸರಿ 38 ಚಿಲ್ಲರೆ ಆಗುತ್ತದೆ. 40ರ ಮಿತಿಯೊಳಗೆ ಊರು ಪಾಸಾಯಿತು. ಆದರೆ ಎಂಟು ತಿಂಗಳು ಆ ಊರಿನ ಮಗು ಉಸಿರಾಡಿದ್ದು 38ನ್ನಲ್ಲ, 50ನ್ನು. ಜುಲೈ ತಿಂಗಳ ಮಳೆ ಜನವರಿಯ ಹೊಗೆಗೆ ಜಾಮೀನು ನಿಲ್ಲುವಂತಾಯಿತು. ಬಯಲುಸೀಮೆಯ ಊರಿಗೆ ಈ ಸೌಕರ್ಯ ಇಷ್ಟು ಪ್ರಮಾಣದಲ್ಲಿ ಇಲ್ಲ. ನಮಗೆ ಇರುವುದರಿಂದಲೇ ನಮ್ಮ ಕಣ್ಣಿಗೆ ಮಂಜು ಕವಿಯುವ ಭಯ ಹೆಚ್ಚು.

ಹಾಗಾದರೆ ಏನು ಮಾಡಬೇಕು? ಹೊಗೆಗೊಳವೆಗಳನ್ನೆಲ್ಲ ಕಿತ್ತುಹಾಕಿ ಹಾಯಿಹಡಗಿಗೆ ಮರಳೋಣವೆಂದು ಯಾರೂ ಹೇಳುವುದಿಲ್ಲ. ನಾನು ಕೇಳುವುದು ಇಷ್ಟೇ: ಹಳಬರು ಬಾಳಿದ ಪಂಚಾಂಗವನ್ನು ಗಾಳಿಯ ಆಡಳಿತಕ್ಕೂ ಒಂದಿಷ್ಟು ತರಬಾರದೆ? ಕಡಲಿನ ವಿಷಯದಲ್ಲಿ ಸರಕಾರ ಇದನ್ನು ಆಗಲೇ ಮಾಡಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಯಂತ್ರದ ದೋಣಿಗೆ ಮಳೆಗಾಲವನ್ನು ಎದುರಿಸುವ ಶಕ್ತಿ ಬಂದರೂ, ಮೀನಿನ ಸಂತಾನಕ್ಕೆ ಆ ಬಿಡುವು ಬೇಕೆಂದು ಒಪ್ಪಿಕೊಂಡಾಯಿತು. ಮೊಗವೀರರ ಹಳೆಯ ವಿರಾಮವೇ ಕಾನೂನಿನ ರೂಪದಲ್ಲಿ ಮರಳಿ ಬಂದಿದೆಯೆನ್ನಬಹುದು. ಮೀನಿಗೆ ಸಲ್ಲುವ ಋತುಮರ್ಯಾದೆ ಮನುಷ್ಯನ ಶ್ವಾಸಕೋಶಕ್ಕೂ ಸಲ್ಲಬೇಡವೆ? ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೀದಿಯಲ್ಲಿ ಕಸ ಸುಡುವುದನ್ನು ಕಟ್ಟುನಿಟ್ಟಾಗಿ ತಡೆಯಬಹುದು. ಕಟ್ಟಡದ, ರಸ್ತೆಯ ಅಗೆತಕ್ಕೆ ನೀರು ಚಿಮುಕಿಸುವ, ಮರೆ ಕಟ್ಟುವ ನಿಯಮವನ್ನು ಆ ತಿಂಗಳುಗಳಲ್ಲಿ ಇಮ್ಮಡಿ ಎಚ್ಚರದಿಂದ ನಡೆಸಬಹುದು. ಕಾರ್ಖಾನೆಗಳು ದುರಸ್ತಿಗಾಗಿ ಹೇಗೂ ಕೆಲವು ದಿನ ನಿಲ್ಲುತ್ತವೆ. ಆ ದಿನಗಳನ್ನು ಮಾಗಿಗೆ ಹೊಂದಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಯ ಲೆಕ್ಕವನ್ನು ವರ್ಷದ ಸರಾಸರಿಯೊಡನೆ ಋತುವಾರು ಪ್ರಕಟಿಸಬಹುದು. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಕಾಯಿದೆಯೂ ಬೇಡ.

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವು ಅವಕಾಶ ಬಿಡಬೇಡ ಎಂಬ ಅರ್ಥದಲ್ಲಿಯೇ ಬಳಸುತ್ತೇವೆ. ಮಂಗಳೂರು ಸಾವಿರಾರು ವರ್ಷ ಹಾಗೆಯೇ ತೂರಿಕೊಂಡು ಬದುಕಿತು. ಆದರೆ ಕಣದಲ್ಲಿ ಭತ್ತ ತೂರುವವನು ಗಾಳಿ ಬಂದಿತೆಂದೊಡನೆ ಮೊರ ಎತ್ತುವುದಿಲ್ಲ. ಅದು ಯಾವ ಕಡೆಗೆ ಬೀಸುತ್ತಿದೆಯೆಂದು ಮೊದಲು ನೋಡುತ್ತಾನೆ, ಹೊಟ್ಟು ಹಾರುವ ಕಡೆ ಕುಳಿತ ಮಕ್ಕಳನ್ನು ಎಬ್ಬಿಸಿ ಆಚೆಗೆ ಕಳುಹಿಸುತ್ತಾನೆ, ಆಮೇಲೆ ಕೆಲಸಕ್ಕೆ ಕೈಹಾಕುತ್ತಾನೆ.